ಹೋಯ್ ಆನ್‌ನಲ್ಲಿ ಸೂಟ್ ಹೊಲಿಸಿದವರು ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನೂ ನನ್ನ ಹೆಂಡತಿಯೂ ವಿಯೆಟ್ನಾಂಗೆ ಹೋಗುತ್ತಿದ್ದೇವೆ. ಹೋಯ್ ಆನ್‌ನಲ್ಲಿ ನಾಲ್ಕು ದಿನ ಇರುತ್ತೇವೆ. ಅಲ್ಲಿ ಟೈಲರ್ ಅಂಗಡಿಗಳು ಜಾಸ್ತಿ, ಒಂದೆರಡು ದಿನದಲ್ಲೇ ಹೊಲಿದು ಕೊಡುತ್ತಾರೆ ಅಲ್ವಾ? ನನಗೊಂದು ಸೂಟ್, ಅವಳಿಗೊಂದು ಉದ್ದನೆಯ ಕೋಟು ಹೊಲಿಸುವ ಆಸೆ.

ನನ್ನ ಒಂದು ಭುಜ ಸ್ವಲ್ಪ ಇಳಿದಿದೆ. ರೆಡಿಮೇಡ್ ಕೋಟು ಯಾವುದೂ ಸರಿಯಾಗಿ ಕೂರುವುದಿಲ್ಲ. ಹಿಂದೊಮ್ಮೆ ಬೇರೊಂದು ದೇಶದಲ್ಲಿ ಅವಸರದಲ್ಲಿ ಹೊಲಿಸಿದ್ದೆ. ಹೊರಡುವ ದಿನ ಬೆಳಗ್ಗೆ ಕೈಗೆ ಕೊಟ್ಟರು. ತೋಳು ಗಿಡ್ಡ. ಬಿಚ್ಚಿ ಉದ್ದ ಮಾಡೋಣ ಅಂದರೆ ಒಳಗೆ ಬಟ್ಟೆಯನ್ನೇ ಬಿಟ್ಟಿರಲಿಲ್ಲ. ತುಂಬಾ ಬೇಜಾರಾಯಿತು. ಈ ಸಲ ಮೊದಲ ದಿನವೇ ಅಳತೆ ಕೊಟ್ಟು, ಎರಡು ಸಲವಾದರೂ ಹಾಕಿ ನೋಡಬೇಕು ಅಂದುಕೊಂಡಿದ್ದೇನೆ.

ಹೊಲಿಸಿದವರು ದಯವಿಟ್ಟು ಹೇಳಿ. ನಾಲ್ಕು ದಿನ ಸಾಕಾ? ಕೋಟಿನ ಒಳಗೆ ಕ್ಯಾನ್ವಾಸ್ (ಆಕಾರ ನಿಲ್ಲಲು ಹಾಕುವ ಗಟ್ಟಿ ಒಳಬಟ್ಟೆ) ಇಟ್ಟು ಹೊಲಿಯುತ್ತಾರಾ, ಒಳಪದರವನ್ನು ಸುಮ್ನೆ ಅಂಟಿಸಿಬಿಡುತ್ತಾರಾ? ಉಣ್ಣೆ ಅಂತ ಪಾಲಿಯೆಸ್ಟರ್ ಕೊಟ್ಟುಬಿಟ್ಟರೆ ಅನ್ನುವ ಭಯವೂ ಇದೆ. ಒಂದು ಎಳೆ ಸುಟ್ಟು ನೋಡಿದರೆ ಗೊತ್ತಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರಾ? ಪೂರ್ತಿ ಹಣ ಮೊದಲೇ ಕೊಡಬೇಕಾ?

ನಿಮಗೆ ಸರಿಯಾಗಿ ಕೂತ ಕೋಟಿನ ಫೋಟೋ ಇದ್ದರೆ ಹಾಕಿ, ಭುಜದ ಭಾಗ ಕಾಣುವಂಥದ್ದು.