ದಾವಣಗೆರೆಗೆ ಬರೋ ಗಿಟಾರ್: 14,000 ಅಂದುಕೊಂಡ ಡ್ಯೂಟಿ 21,181 ಆಗಿದ್ದು ಹೇಗೆ?

ಆರನೇತಂತಿ, ದಾವಣಗೆರೆ

ಹೊರದೇಶದ ಅಂಗಡಿಯಿಂದ ಹೊಸ ಎಲೆಕ್ಟ್ರಿಕ್ ಗಿಟಾರ್ ತರಿಸ್ತಾ ಇದೀನಿ. ರೂಪಾಯಿ ಲೆಕ್ಕದಲ್ಲಿ ಗಿಟಾರ್ ಬೆಲೆ 50,000, ವಿಮಾನದ ಸಾಗಣೆ 14,000. ಬಿಸಿಡಿ (ಮೂಲ ಕಸ್ಟಮ್ಸ್ ಸುಂಕ) 10%, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) 18%, ಕೂಡಿದ್ರೆ 28% ಅಂತ 14,000 ತೆಗೆದಿಟ್ಟಿದ್ದೆ. ಪಾರ್ಸೆಲ್ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಂತಿದೆ. ಕೊರಿಯರ್‌ನವರು ಕಳಿಸಿದ ಚೀಟಿ ಹೀಗಿದೆ: ಶೀರ್ಷಿಕೆ (ಕಸ್ಟಮ್ಸ್‌ನವರ ವಸ್ತು ವರ್ಗದ ಸಂಖ್ಯೆ) 9207, ಮೌಲ್ಯ 64,562.50, ಡ್ಯೂಟಿ 20,001, ಅವರ ಶುಲ್ಕ 1,180. ಒಟ್ಟು 21,181. ದರ ಮಾತ್ರ ಅದೇ 10 ಮತ್ತು 18. ಉಳಿದ 7,181 ಎಲ್ಲಿಂದ ಬಂತು? ಕೆವೈಸಿ ಬೇರೆ ಎರಡು ಸಲ ವಾಪಸ್ ಬಂದಿದೆ, ಹೆಸರು ಹೊಂದ್ತಿಲ್ಲವಂತೆ.

ಲೆಕ್ಕಪತ್ರ

ಸರ್, ಮೊದಲು ಹೇಳೋದು ಒಂದೇ: ಇನ್ನೂ ದುಡ್ಡು ಕಟ್ಟಬೇಡ್ರಿ. ಆ ಚೀಟೀಲಿ ತಿದ್ದಿಸಬಹುದಾದ ತಪ್ಪು ಒಂದಿದೆ. ಕಟ್ಟೋಕೆ ಮುಂಚೆ ಅದು ಒಂದು ಮೇಲ್‌ನ ಕೆಲಸ, ಕಟ್ಟಿದ ಮೇಲೆ ತಿಂಗಳುಗಟ್ಟಲೆ ಅಲೆದಾಟ.

ಹತ್ತು ಮತ್ತು ಹದಿನೆಂಟನ್ನು ಹಾಗೆ ಕೂಡೋಕಾಗಲ್ಲ. ಬಿಸಿಡಿ ಮೊತ್ತದ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್ ಬೀಳುತ್ತೆ. ಮೌಲ್ಯ, ಬಿಸಿಡಿ, ಸರ್‌ಚಾರ್ಜ್ ಮೂರನ್ನೂ ಕೂಡಿದ ಮೊತ್ತಕ್ಕೆ ಐಜಿಎಸ್‌ಟಿ ಹಾಕ್ತಾರೆ. ನೂರು ರೂಪಾಯಿಗೆ 10, ಅದರ ಮೇಲೆ 1, ಆಮೇಲೆ 111ರ 18% ಅಂದ್ರೆ 19.98. ನಿಜವಾದ ದರ 30.98%.

ಎರಡನೇದು, ಡ್ಯೂಟಿ ಬರೀ ಗಿಟಾರ್ ಬೆಲೆ ಮೇಲಲ್ಲ. ಸಾಗಣೆ ಮತ್ತು ವಿಮೆ ಸೇರಿದ ಮೌಲ್ಯದ ಮೇಲೆ. ವಿಮೆಯ ಮೊತ್ತ ಗೊತ್ತಾಗದಿದ್ರೆ ಸರಕಿನ ಬೆಲೆಯ 1.125% ಹಿಡೀತಾರೆ, ನಿಮ್ಮ ಚೀಟಿಯ ಮೌಲ್ಯದಲ್ಲಿ ಸೇರಿರೋ 562.50 ಅದೇ.

ತಪ್ಪಿರೋದು ಸಾಗಣೇಲಿ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮದ ಪ್ರಕಾರ, ವಿಮಾನದಲ್ಲಿ ಬಂದ ಸರಕಿಗೆ ಸಾಗಣೆ ವೆಚ್ಚ ಎಷ್ಟೇ ಆಗಿದ್ರೂ ಸರಕಿನ ಬೆಲೆಯ 20% ಮೀರಿ ಸೇರಿಸೋ ಹಾಗಿಲ್ಲ. ಗಿಟಾರಿನ ಪೆಟ್ಟಿಗೆ ಹಗುರ, ಆದ್ರೆ ಉದ್ದ. ಕೊರಿಯರ್‌ಗಳು ಅಳತೆ ನೋಡಿ ದರ ಹಾಕೋದ್ರಿಂದ ವಾದ್ಯಗಳಲ್ಲಿ ಈ ಮಿತಿ ದಾಟೋದು ಸಾಮಾನ್ಯ. 50,000ಕ್ಕೆ ಮಿತಿ 10,000. ಅವರು 14,000 ಪೂರ್ತಿ ಹಾಕಿದಾರೆ.

ಸರಿಯಾದ ಲೆಕ್ಕ:
50,000 + 10,000 + 562.50 = 60,562.50
ಬಿಸಿಡಿ 6,056.25
ಸರ್‌ಚಾರ್ಜ್ 605.63
ಐಜಿಎಸ್‌ಟಿ (67,224.38ರ ಮೇಲೆ) 12,100.39
ಒಟ್ಟು ಡ್ಯೂಟಿ 18,762

ಅಲ್ಲಿಗೆ ತಪ್ಪಾಗಿ ಬಿದ್ದಿರೋದು 1,239 ಮಾತ್ರ. ಕೊರಿಯರ್ ಶುಲ್ಕ 1,180 ಬಿಟ್ರೆ ಮಿಕ್ಕಿದ್ದು ನಿಮ್ಮ 28%ರ ಲೆಕ್ಕದ ಕೊರತೆ. 1,180 ಸರ್ಕಾರದ್ದಲ್ಲ. ನಿಮ್ಮ ಪರವಾಗಿ ಡ್ಯೂಟಿ ಮುಂಗಡ ಕಟ್ಟೋದಕ್ಕೆ ಕೊರಿಯರ್‌ನವರು ತಗೊಳ್ಳೋ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಸೇರಿ. ಅದು ಇಳಿಯಲ್ಲ.

ಮೇಲ್‌ನಲ್ಲಿ ಏರ್‌ವೇ ಬಿಲ್ (ವಿಮಾನ ಸಾಗಣೆಯ ರಸೀದಿ) ನಂಬರ್ ಹಾಕಿ, ಇನ್‌ವಾಯ್ಸ್ ಮತ್ತು ಕಾರ್ಡಿನ ಪಾವತಿ ದಾಖಲೆ ಲಗತ್ತಿಸಿ. 10ನೇ ನಿಯಮದ 20% ಮಿತಿ ಹೆಸರಿಸಿ, ಮೌಲ್ಯ 60,562.50 ಆಗಬೇಕು ಅಂತ ಅಂಕಿ ಸಮೇತ ಬರೀರಿ. ಬರೀ "ಡ್ಯೂಟಿ ಜಾಸ್ತಿ ಆಯ್ತು" ಅಂದ್ರೆ ಸಿದ್ಧ ಉತ್ತರ ಬರುತ್ತೆ. ಇನ್‌ವಾಯ್ಸ್‌ನಲ್ಲಿ ಬೆಲೆ, ಸಾಗಣೆ ಬೇರೆ ಬೇರೆ ಸಾಲಲ್ಲಿ ಇದಾವಾ?

ಆರನೇತಂತಿ, ದಾವಣಗೆರೆ

ಬೇರೆ ಬೇರೆ ಇದಾವೆ ಸರ್. ಮೇಲ್ ಈಗ ಹಾಕಿದೆ.

ಲೆಕ್ಕಪತ್ರ

ಹಾಗಾದ್ರೆ ಕೆಲಸ ಆಗುತ್ತೆ. 64,000 ಅಂತ ಒಂದೇ ಮೊತ್ತ ಇದ್ದಿದ್ರೆ ಅದನ್ನೇ ಗಿಟಾರ್ ಬೆಲೆ ಅಂತ ಹಿಡಿದು, ಸಾಗಣೆ ಗೊತ್ತಿಲ್ಲ ಅಂತ ಮೇಲೆ 20% ಕೂಡಿಸೋ ಅಪಾಯ ಇತ್ತು. ಮೌಲ್ಯ 77,520 ಆಗಿ ಡ್ಯೂಟಿ 24,000 ದಾಟೋದು. ಆರ್ಡರ್ ಮಾಡುವಾಗಲೇ ಎರಡು ಸಾಲಿನ ಇನ್‌ವಾಯ್ಸ್ ಕೇಳಬೇಕು.

ಈ ಮೊತ್ತಕ್ಕೆ ವಾರಗಟ್ಟಲೆ ಹಟ ಹಿಡಿಯೋದು ಬೇಡ. ಗೋದಾಮಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತೆ, 1,239ನ್ನು ಅದೇ ನುಂಗಿಬಿಡಬಹುದು.

ಬೀಟೆಮರ

ಕೆವೈಸಿ ಬಗ್ಗೆ. ನಮ್ಮ ಕಡೆಯವರಿಗೆ ಇದು ಇನಿಷಿಯಲ್‌ನಿಂದಲೇ ಆಗೋದು. ಹೊರದೇಶದ ಅಂಗಡಿಗಳ ಫಾರಂ ಸರ್‌ನೇಮ್ ಕಡ್ಡಾಯ ಕೇಳುತ್ತೆ. ನಾವು ಅಪ್ಪನ ಹೆಸರೋ ಊರಿನ ಹೆಸರೋ ತುಂಬ್ತೀವಿ. ಆಧಾರ್‌ನಲ್ಲಿ ಇರೋದು ಹೆಸರು ಮತ್ತು ಎರಡು ಇನಿಷಿಯಲ್. ಜತೆಗೆ ಇಂಗ್ಲಿಷಿನಲ್ಲಿ ದಾವಣಗೆರೆಯನ್ನು ನಡುವೆ ಒಂದು ‘ಎ’ ಹಾಕಿಯೂ ಬರೀತಾರೆ, ಬಿಟ್ಟೂ ಬರೀತಾರೆ. ಆಧಾರ್‌ನಲ್ಲಿ ಒಂದು, ಪಾರ್ಸೆಲ್ ಮೇಲೆ ಇನ್ನೊಂದು ಇದ್ರೆ ಪರಿಶೀಲನೆ ಅಲ್ಲೇ ನಿಲ್ಲಬಹುದು.

ಅದೇ ದಾಖಲೆ ಮೂರನೇ ಸಲ ಅಪ್‌ಲೋಡ್ ಮಾಡಿದ್ರೆ ಉಪಯೋಗ ಇಲ್ಲ. ಮಾರಿದ ಅಂಗಡಿಗೇ ಬರೆದು, ಪಡೆಯುವವರ ಹೆಸರನ್ನು ಆಧಾರ್‌ನಲ್ಲಿ ಇರೋ ಹಾಗೇ ಅಕ್ಷರಕ್ಕಕ್ಷರ ತಿದ್ದಿ ಹೊಸ ಇನ್‌ವಾಯ್ಸ್ ತರಿಸಿ. ಅದನ್ನ ಕೊರಿಯರ್‌ಗೆ ಕೊಡಿ. ಸ್ವಂತ ಬಳಕೆಗೆ ತರಿಸುವವರಿಗೆ ಆಮದು-ರಫ್ತು ಕೋಡ್ ಬೇಡ, ಯಾರಾದ್ರೂ ಕೇಳಿದ್ರೆ "ಸ್ವಂತ ಬಳಕೆ, ವ್ಯಾಪಾರಕ್ಕಲ್ಲ" ಅಂತ ಬರೆದುಕೊಡಿ.

ದುರ್ಗದ ಪಿಟೀಲು, ಚಿತ್ರದುರ್ಗ

ಇದರಲ್ಲೇ ಕೇಳ್ತೀನಿ, ಕ್ಷಮಿಸಿ. ಪಿಟೀಲಿನ ತಂತಿ ಎರಡು ಸೆಟ್ ಮತ್ತು ಕಾರ್ಬನ್ ಫೈಬರ್ ಕಮಾನು ಅಂಚೆಯಲ್ಲಿ ತರಿಸಬೇಕು. ಗಿಫ್ಟ್ ಅಂತ ಬರೆಸಿದ್ರೆ 5,000ದವರೆಗೆ ಡ್ಯೂಟಿ ಇಲ್ಲ ಅಂತಾರೆ, ನಿಜವೇ?

ಬೀಟೆಮರ

ಹಳೇ ಮಾತದು. ಆ ವಿನಾಯಿತಿಯನ್ನು ಡಿಸೆಂಬರ್ 2019ರಲ್ಲೇ ತೆಗೆದರು, ಉಳಿದಿದ್ದು ರಾಖಿ ಮತ್ತು ಜೀವರಕ್ಷಕ ಔಷಧಿಗೆ. ಈಗಲೂ ಮಾರುವವರು ಉಪಕಾರ ಅಂತಲೇ ತಿಳ್ಕೊಂಡು ಗಿಫ್ಟ್ ಅಂತ ಟಿಕ್ ಮಾಡಿಬಿಡ್ತಾರೆ, ಬೇಡ ಅಂತ ಮೊದಲೇ ಹೇಳಿ. ದುಡ್ಡು ಕೊಟ್ಟು ಕೊಂಡದ್ದನ್ನು ಗಿಫ್ಟ್ ಅನ್ನೋದು, ಬೆಲೆ ಕಡಿಮೆ ಬರೆಸೋದು ಎರಡೂ ಸುಳ್ಳು ಘೋಷಣೆ. ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ಮುಟ್ಟುಗೋಲು, 112ರ ಪ್ರಕಾರ ದಂಡ. ದಾರೀಲಿ ಮುರಿದ್ರೆ ವಿಮೆ ಸಿಗೋದೂ ಬರೆಸಿದ ಬೆಲೆಗಷ್ಟೇ.

ಡಿಕ್ಲರೇಶನ್ ಮೇಲೆ "ಮ್ಯೂಸಿಕ್ ಐಟಂ" ಅಂತ ಬರೆಸದೆ "ಪಿಟೀಲಿನ ತಂತಿ, ಕಮಾನು" ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿ. ತಂತಿ ಮತ್ತು ಕಮಾನು 9209ರಲ್ಲಿ, ಪಿಟೀಲು ಮತ್ತು ಸಾದಾ ಗಿಟಾರ್ 9202ರಲ್ಲಿ, ಊದುವ ವಾದ್ಯ 9205ರಲ್ಲಿ, ಚರ್ಮವಾದ್ಯ 9206ರಲ್ಲಿ, ಕರೆಂಟಿನ ಕೀಬೋರ್ಡ್ ಮತ್ತು ಗಿಟಾರ್ 9207ರಲ್ಲಿ ಬರುತ್ತೆ. ವಿವರ ಸಾಲದಿದ್ರೆ, ಅಂಚೆ ಮತ್ತು ವಿಮಾನದಲ್ಲಿ ಸ್ವಂತ ಬಳಕೆಗೆ ಬರೋ ವಸ್ತುಗಳ ಸಾಮಾನ್ಯ ಶೀರ್ಷಿಕೆ 9804ಕ್ಕೆ ಹಾಕಿಬಿಡಬಹುದು. ಅದರ ದರ ಬೇರೆ ಇರಬಹುದು. ಪಾರ್ಸೆಲ್ ಹೊರಡುವ ದಿನ ಕಸ್ಟಮ್ಸ್‌ನ ಜಾಲತಾಣ ಐಸ್‌ಗೇಟ್‌ನ ಡ್ಯೂಟಿ ಕ್ಯಾಲ್ಕುಲೇಟರ್‌ನಲ್ಲಿ 9209, 9804 ಎರಡನ್ನೂ ಹಾಕಿ ನೋಡಿ. ಅಂಚೆಯಾದ್ರೆ ಡ್ಯೂಟಿಯನ್ನು ಪಾರ್ಸೆಲ್ ಬಿಡಿಸಿಕೊಳ್ಳುವಾಗ ಕಟ್ಟಬೇಕು. ಅಂಚೆಯವರ ಸಣ್ಣ ಶುಲ್ಕವೂ ಸೇರುತ್ತೆ.

ದುರ್ಗದ ಪಿಟೀಲು, ಚಿತ್ರದುರ್ಗ

ಬಳಸಿದ ಹಳೇ ಪಿಟೀಲು ತರಿಸಿದ್ರೆ ಅಗ್ಗ ಆಗಲ್ವೇ?

ಲೆಕ್ಕಪತ್ರ

ಬೇಡ ಅಂತ ಕೈ ಮುಗಿದು ಹೇಳ್ತೀನಿ. ವಿದೇಶ ವ್ಯಾಪಾರ ನೀತಿಯಲ್ಲಿ ಯಂತ್ರೋಪಕರಣ ಬಿಟ್ಟು ಉಳಿದ ಸೆಕೆಂಡ್ ಹ್ಯಾಂಡ್ ಸರಕು ನಿರ್ಬಂಧಿತ ಪಟ್ಟಿಯಲ್ಲಿದೆ, ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅನುಮತಿ ಬೇಕು. ಹಳೇ ವಾದ್ಯದಲ್ಲಿ ದಂತದ ಚೂರಿರಬಹುದು. ಹಳೇ ಗಿಟಾರ್ ಆದ್ರೆ ಬ್ರೆಜಿಲ್ ಬೀಟೆ ಇರಬಹುದು, ಅದು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸೋ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಉಳಿದ ಬೀಟೆಗೆ ಭಯ ಬೇಡ: 26 ನವೆಂಬರ್ 2019ರಿಂದ, ತಯಾರಾದ ವಾದ್ಯದಲ್ಲಿ ಅದಿದ್ರೆ ಸೈಟಿಸ್ ಪರವಾನಗಿ ಕೇಳಲ್ಲ.

ಆರನೇತಂತಿ, ದಾವಣಗೆರೆ

ಮೌಲ್ಯ 60,562.50ಕ್ಕೆ ತಿದ್ದಿ ಹೊಸ ಚೀಟಿ ಕಳಿಸಿದ್ರು, ಡ್ಯೂಟಿ 18,762. ಹೆಸರು ತಿದ್ದಿದ ಇನ್‌ವಾಯ್ಸ್‌ಗೆ ಕೆವೈಸಿಯೂ ಪಾಸಾಯ್ತು. ತುಂಬಾ ಉಪಕಾರ ಆಯ್ತು ಸರ್. ಬಂದ ಮೇಲೆ ನೆಕ್ ಬಿರುಕು ಬಿಟ್ಟಿದ್ರೆ? ವಾಪಸ್ ಕಳಿಸಿದ್ರೆ ಡ್ಯೂಟಿ ಬರುತ್ತಾ?

ಲೆಕ್ಕಪತ್ರ

ತಾನಾಗಿ ಬರಲ್ಲ. ಅದಕ್ಕೆ ಕಸ್ಟಮ್ಸ್ ಕಾಯ್ದೆಯ 26ಎ ಸೆಕ್ಷನ್ ಇದೆ. ಸರಕು ದೋಷಪೂರಿತ ಆಗಿದ್ದು, ದೋಷ ಪತ್ತೆಗೆ ಬೇಕಾದಷ್ಟು ಬಿಟ್ಟು ಬಳಸಿರಬಾರದು. ಕಸ್ಟಮ್ಸ್ ಬಿಡುಗಡೆ ಆದ 30 ದಿನದೊಳಗೆ ಮರುರಫ್ತು ಆಗಬೇಕು, ಆಮದಾದ ಅದೇ ವಸ್ತು ಅಂತ ಗುರುತಿಸುವಂತಿರಬೇಕು. ರೀಫಂಡ್ ಅರ್ಜಿಗೆ ಆರು ತಿಂಗಳು. ಆದ್ದರಿಂದ ಪೆಟ್ಟಿಗೆ ಬಿಚ್ಚೋದನ್ನು ಮೊದಲಿಂದ ಕೊನೆವರೆಗೆ ಒಂದೇ ವಿಡಿಯೋದಲ್ಲಿ ತೆಗೆದು, ಸೀರಿಯಲ್ ನಂಬರ್ ಕಾಣಿಸಿ. ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ದಾಖಲೆ) ಪ್ರತಿಯನ್ನು ಕೊರಿಯರ್‌ನವರಿಂದ ಕೇಳಿ ಇಟ್ಟುಕೊಳ್ಳಿ, ತಾವಾಗಿ ಕೊಡದಿದ್ರೂ ಬಿಡಬೇಡಿ, ಅದಿಲ್ಲದೆ ಯಾವ ಅರ್ಜಿಯೂ ನಡೆಯಲ್ಲ. ಅಂಗಡಿಗೆ ಮೊದಲು ಬರೆಯದೆ ಪಾರ್ಸೆಲ್ ಹಿಂದಕ್ಕೆ ಹಾಕಬೇಡಿ, ರಫ್ತಿನ ದಾಖಲೆಯಲ್ಲಿ ಆಮದಿನ ವಿವರ ಸೇರಿಸಲೇಬೇಕು.

ಬೀಟೆಮರ

ಇನ್ನೊಂದು, ಗಿಟಾರ್ ಬಂದ ತಕ್ಷಣ ಕೇಸ್ ತೆರೆದು ಬಿಸಿಲಿರೋ ಹಜಾರದಲ್ಲಿ ಇಡಬೇಡ್ರಿ. ಹೊರಗಿನ ಡಬ್ಬ ಬಿಚ್ಚಿ ವಿಡಿಯೋದಲ್ಲಿ ಒಮ್ಮೆ ತೋರಿಸಿ, ಕೇಸ್ ಮುಚ್ಚಿ ಒಂದು ದಿನ ಬಿಡಿ. ನಮ್ಮ ಬೇಸಿಗೆಯ ಒಣಗಾಳಿಗೆ ಮರ ಹೊಂದಿಕೊಂಡ ಮೇಲೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸೋ ಒಳಗಿನ ಸರಳು) ಮುಟ್ಟಬಹುದು.