ಮೂಗು ಸೋರುವ ನಾಲ್ಕು ವರ್ಷದ ಹೆಣ್ಣು ಮೊಲಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆ?

ಪ್ರಶ್ನೆ – ಹತ್ತಿಮನೆ

ನಮ್ಮ ಹೆಣ್ಣು ಮೊಲ ಹತ್ತಿಗೆ ಈಗ 4 ವರ್ಷ ತುಂಬಿದೆ. ತೂಕ 2.6 ಕಿಲೋ ಇದ್ದು, ಇರಬೇಕಾದುದಕ್ಕಿಂತ ತುಸು ಹೆಚ್ಚೇ ಆಯಿತು. ಒಂಟಿಯಾಗಿ ಬೆಳೆಯುವ ಮೊಲಕ್ಕೆ ಸಂತಾನಹರಣದ ಅಗತ್ಯವೇನು ಎಂದುಕೊಂಡು ಚಿಕ್ಕವಯಸ್ಸಿನಲ್ಲಿ ಸುಮ್ಮನಿದ್ದುಬಿಟ್ಟೆವು. ಒಂದೂವರೆ ವರ್ಷದಿಂದ ಅವಳ ಮೂಗು ಆಗಾಗ ಸೋರುತ್ತಿದ್ದು, ಅದನ್ನು ಒರೆಸಿಕೊಂಡೂ ಒರೆಸಿಕೊಂಡೂ ಮುಂಗಾಲುಗಳ ಒಳಬದಿಯ ಕೂದಲು ಗಂಟುಕಟ್ಟಿದೆ; ಆ್ಯಂಟಿಬಯೋಟಿಕ್ ಕೊಟ್ಟಾಗ ಕಡಿಮೆಯಾಗಿ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಮರುಕಳಿಸುತ್ತದೆ. ಸಾಲದೆಂಬಂತೆ ಕಳೆದ ವರ್ಷ ಎರಡು ಬಾರಿ ಮೇವು ಬಿಟ್ಟು, ಹಿಕ್ಕೆ ನಿಂತು, ಆಸ್ಪತ್ರೆಗೆ ಒಯ್ಯಬೇಕಾಯಿತು. ಗರ್ಭಕೋಶದ ಕ್ಯಾನ್ಸರ್ ಬರುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ ಎಂದು ಒಬ್ಬ ಪಶುವೈದ್ಯರು ಒತ್ತಾಯಿಸುತ್ತಿದ್ದಾರೆ. ಇಂಥ ಉಸಿರಾಟವಿರುವ ಮೊಲಕ್ಕೆ ಅರಿವಳಿಕೆ ಕೊಡಲು ತಾನು ಸಿದ್ಧನಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತೂ ಸರಿಯೆನಿಸುವುದೇ ನನ್ನ ಕಷ್ಟ.

ಉತ್ತರ – ಹುಲ್ಲುಗಾವಲು

ಇಬ್ಬರೂ ನಿಜವನ್ನೇ ಹೇಳಿದ್ದಾರೆ, ಆದರೆ ಅವರು ಹೇಳುತ್ತಿರುವುದು ಎರಡು ಬೇರೆ ಬೇರೆ ಬಗೆಯ ಅಪಾಯಗಳನ್ನು. ಸಂತಾನಹರಣವಾಗದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರ ಸಾಮಾನ್ಯ. ಕೆಲವು ತಳಿಗಳಲ್ಲಿ 4 ವರ್ಷ ದಾಟಿದವುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅದು ಕಂಡುಬಂದಿದೆ. ಅರಿವಳಿಕೆಯ ಕುರಿತು ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆರೋಗ್ಯವಂತ ಮೊಲಗಳ ಸಾವಿನ ಪ್ರಮಾಣ ಶೇ. 0.7ರಷ್ಟಿದ್ದರೆ, ಕಾಯಿಲೆಯಿದ್ದವುಗಳಲ್ಲಿ ಅದು ಶೇ. 7ನ್ನು ಮೀರಿತ್ತು. ಶೇ. 50ರ ಎದುರು ಶೇ. 7 ಎಂದು ತಕ್ಕಡಿಯಲ್ಲಿಟ್ಟು ತೂಗಿದರೆ ಉತ್ತರ ಸುಲಭವಾಗಿ ಕಾಣುತ್ತದೆ, ಆದರೆ ಆ ತಕ್ಕಡಿಯೇ ಸರಿಯಿಲ್ಲ. ಅರಿವಳಿಕೆಯ ಅಪಾಯ ಒಂದೇ ದಿನದ್ದು. ಕ್ಯಾನ್ಸರ್ ಹಲವು ವರ್ಷಗಳಲ್ಲಿ, ಬಹುಮಟ್ಟಿಗೆ ನಿಧಾನವಾಗಿ, ಬೆಳೆದು ಕೊನೆಗೆ ಶ್ವಾಸಕೋಶಕ್ಕೆ ಹರಡುವಂಥದ್ದು. ಅಂದರೆ ಯೋಚಿಸಲು ನಿಮಗೆ ಕೆಲವು ತಿಂಗಳ ಬಿಡುವಿದೆ, ಕೆಲವು ವರ್ಷಗಳ ಬಿಡುವಿಲ್ಲ.

ಆ ಬಿಡುವನ್ನು ಮೂಗಿಗಾಗಿ ಬಳಸಿ ಎಂಬುದು ನನ್ನ ಸಲಹೆ. ಮೊಲ ಉಸಿರಾಡುವುದು ಮೂಗಿನಿಂದಲೇ. ನಾಯಿಯಂತೆ ಬಾಯಿ ತೆರೆದು ಉಸಿರಾಡಿ ನಿಭಾಯಿಸುವುದು ಅದಕ್ಕೆ ಸಾಧ್ಯವಾಗದು. ಬಾಯಿ ಕಿರಿದಾಗಿರುವುದರಿಂದ ಅರಿವಳಿಕೆಯ ವೇಳೆ ಉಸಿರುನಾಳಕ್ಕೆ ಕೊಳವೆ ಇಳಿಸುವುದೂ ಕೈ ಪಳಗಿದವರಿಗಷ್ಟೇ ಸಾಧಿಸುವ ಕೆಲಸ. ಹಾಗಾಗಿ ಎರಡನೆಯ ವೈದ್ಯರ ಹಿಂಜರಿಕೆಯನ್ನು ಪುಕ್ಕಲುತನವೆಂದು ತಳ್ಳಿಹಾಕಬೇಡಿ. ಆದರೆ ಮೂಗು ಏಕೆ ಸೋರುತ್ತಿದೆ ಎಂದು ಯಾರಾದರೂ ಹುಡುಕಿದ್ದಾರೆಯೇ? ಪಾಶ್ಚುರೆಲ್ಲ ಬ್ಯಾಕ್ಟೀರಿಯಾದ ಸೋಂಕು ಇರಬಹುದು, ಮೇಲ್ದವಡೆಯ ಹಲ್ಲಿನ ಬೇರು ಬೆಳೆದು ಮೂಗಿನ ಮಾರ್ಗವನ್ನು ಒತ್ತುತ್ತಿರಬಹುದು, ಒಣಹುಲ್ಲಿನ ಎಸಳೊಂದು ಒಳಗೆ ಸಿಕ್ಕಿಕೊಂಡಿರಲೂಬಹುದು. ಹಲ್ಲು ನೋಯುವ ಮೊಲ ಮೇವನ್ನೂ ಬಿಡುತ್ತದೆ ಎಂಬುದರಿಂದ, ನಿಮ್ಮ ಎರಡು ದೂರುಗಳಿಗೂ ಮೂಲ ಒಂದೇ ಆಗಿರುವ ಸಾಧ್ಯತೆಯಿದೆ. ಸ್ರಾವವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಅದರಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳುಹಿಸಿ. ತಲೆ ಮತ್ತು ಎದೆಯ ಎಕ್ಸ್-ರೇ ತೆಗೆಸಿ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಗರ್ಭಕೋಶ ಈಗಾಗಲೇ ದಪ್ಪಗಾಗಿದ್ದರೆ ಲೆಕ್ಕಾಚಾರವೇ ಬದಲಾಗುತ್ತದೆ. ಶ್ವಾಸಕೋಶದಲ್ಲಿ ಗಡ್ಡೆಗಳು ಕಂಡರೆ, ದುರದೃಷ್ಟವಶಾತ್, ಶಸ್ತ್ರಚಿಕಿತ್ಸೆಯ ಪ್ರಶ್ನೆಯೇ ಉಳಿಯುವುದಿಲ್ಲ.

ಉತ್ತರ – ಸಂಜೆಬಿಸಿಲು

ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿದ ಒಬ್ಬರ ಅನುಭವವೂ ಇಲ್ಲಿರಲಿ. ನಮ್ಮ ಮೊಲಕ್ಕೆ 6ನೆಯ ವಯಸ್ಸಿನಲ್ಲಿ ಹೃದಯದ ತೊಂದರೆ ಇರುವುದು ಗೊತ್ತಾದಾಗ ನಾವು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಾ, ಮೊಲೆತೊಟ್ಟುಗಳ ಊತವನ್ನೂ ಮೂತ್ರದ ಬಣ್ಣವನ್ನೂ ಗಮನಿಸುತ್ತಾ ಕಾದೆವು. ಮೊಲದ ಮೂತ್ರ ಕೆಂಪಗಿದ್ದ ಮಾತ್ರಕ್ಕೆ ಅದು ರಕ್ತವೆಂದು ಗಾಬರಿಯಾಗಬಾರದು, ತಿಂದ ಸೊಪ್ಪಿನಿಂದಲೂ ಆ ಬಣ್ಣ ಬರುತ್ತದೆ. ಪರೀಕ್ಷಾ ಪಟ್ಟಿಯಿಂದ ಅದು ನಿಮಿಷದೊಳಗೆ ತಿಳಿಯುತ್ತದೆ. ಅವಳು 8ನೆಯ ವರ್ಷದಲ್ಲಿ ಹೃದಯದ ಕಾಯಿಲೆಯಿಂದಲೇ ತೀರಿಕೊಂಡಳು. ಅದನ್ನು ನಾನು ಗೆಲುವೆಂದು ಹೇಳಲಾರೆ, ಏಕೆಂದರೆ ಪ್ರತಿ ಸ್ಕ್ಯಾನಿನ ಹಿಂದಿನ ವಾರ ನನಗೆ ನಿದ್ದೆಯಿರುತ್ತಿರಲಿಲ್ಲ. ಆದರೆ ಹೃದಯದ ತೊಂದರೆ ವಾಸಿಯಾಗುವಂಥದ್ದಲ್ಲ, ನಿಮ್ಮ ಹತ್ತಿಯ ಮೂಗು ಬಹುಶಃ ಸುಧಾರಿಸಬಲ್ಲದು. ಆದ್ದರಿಂದ ನಮ್ಮ ನಿರ್ಧಾರವನ್ನು ನೀವು ಹಾಗೆಯೇ ಅನುಸರಿಸಬೇಕಾಗಿಲ್ಲ.

ಉತ್ತರ – ಹಳೆಯ ಸಾಕಣೆದಾರ

ಮೇಲಿನವರು ಹೇಳದೆ ಬಿಟ್ಟದ್ದನ್ನು ಮಾತ್ರ ಸೇರಿಸುತ್ತೇನೆ. ಅದೇ ಅಧ್ಯಯನದಲ್ಲಿ ಸತ್ತ ಮೊಲಗಳಲ್ಲಿ ಹೆಚ್ಚಿನವು ಸತ್ತದ್ದು ಮೇಜಿನ ಮೇಲಲ್ಲ, ಶಸ್ತ್ರಚಿಕಿತ್ಸೆ ಮುಗಿದ ನಂತರ. ಕರುಳು ಹಿಂದೆ ಎರಡು ಬಾರಿ ನಿಂತಿರುವ ಮೊಲಕ್ಕೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಮೈ ಬೆಚ್ಚಗಿಡುವುದು, ಕೆಲವು ದಿನಗಳವರೆಗೆ ನೋವುನಿವಾರಕ ಕೊಡುವುದು, ಎಚ್ಚರವಾದ ಕೆಲವೇ ಗಂಟೆಗಳಲ್ಲಿ ತಾನಾಗಿ ತಿನ್ನದಿದ್ದರೆ ಸಿರಿಂಜಿನಿಂದ ಉಣಿಸುವುದು, ಇವು ಇಲ್ಲದೆ ಎಷ್ಟು ಚೆನ್ನಾಗಿ ಹೊಲಿಗೆ ಹಾಕಿದರೂ ಪ್ರಯೋಜನವಿಲ್ಲ. ತೂಕ ಇಳಿಸಬೇಕಾದರೆ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಮೇವು) ಕಡಿಮೆ ಮಾಡಿ, ಒಣಹುಲ್ಲನ್ನು ಎಂದೂ ಕಡಿಮೆ ಮಾಡಬೇಡಿ. ಹಸಿವಿಗೆ ಬಿದ್ದ ದಪ್ಪ ಮೊಲದ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೇ ಕುತ್ತಾಗುತ್ತದೆ.

ವೈದ್ಯರನ್ನು ಅಳೆಯಲು ನಾನು ಕೇಳುವುದು ಒಂದೇ ಪ್ರಶ್ನೆ: ಹಿಂದಿನ ರಾತ್ರಿಯಿಂದ ಉಪವಾಸ ಇರಿಸಬೇಕೆ? ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ನಾಯಿ ಬೆಕ್ಕುಗಳಿಗೆ ಹೇಳುವ ಉಪವಾಸ ಅದಕ್ಕೆ ಬೇಕಿಲ್ಲ, ಕರುಳಿನ ಚಲನೆ ನಿಲ್ಲುವುದರಿಂದ ಅದು ಹಾನಿಕರವೂ ಹೌದು.

ಪ್ರತಿಕ್ರಿಯೆ – ಹತ್ತಿಮನೆ

ಎಲ್ಲರಿಗೂ ಕೃತಜ್ಞತೆಗಳು. ಆ ಪ್ರಶ್ನೆಯನ್ನು ಇಬ್ಬರಿಗೂ ಕೇಳಿದೆ. ಶಸ್ತ್ರಚಿಕಿತ್ಸೆಗೆ ಒತ್ತಾಯಿಸುತ್ತಿದ್ದವರು ಹನ್ನೆರಡು ಗಂಟೆ ಏನೂ ಕೊಡಬೇಡಿ ಎಂದರು. ಒಪ್ಪದಿದ್ದವರು, ಕರೆತರುವವರೆಗೂ ಹುಲ್ಲು ಅವಳ ಮುಂದೆಯೇ ಇರಲಿ, ಎಚ್ಚರವಾದ ಮೇಲೆ ತಿನ್ನಲು ಅವಳಿಗೆ ಇಷ್ಟವಾದ ಸೊಪ್ಪನ್ನೂ ಕಟ್ಟಿ ತನ್ನಿ ಎಂದರು. ಹೀಗಾಗಿ, ಬೇಡವೆಂದವರ ಬಳಿಯೇ ಎಕ್ಸ್-ರೇ, ಅಲ್ಟ್ರಾಸೌಂಡ್ ಮತ್ತು ಕಲ್ಚರ್ ಮಾಡಿಸುತ್ತಿದ್ದೇವೆ. ಮೂಗು ಹಿಡಿತಕ್ಕೆ ಬಂದರೆ ಶಸ್ತ್ರಚಿಕಿತ್ಸೆಯನ್ನು ತಾವೇ ಮಾಡುವುದಾಗಿ ಅವರು ಹೇಳಿದ್ದಾರೆ.