ಸಹಾಯ ಬೇಕು: ಒಂದೇ 'ವಲ್ಟಾವಾ', ಒಬ್ಬರೇ ಆರ್ಕೆಸ್ಟ್ರಾ ಕಂಡಕ್ಟರ್, ಎರಡು ಥರ ಯಾಕೆ ಕೇಳ್ಸುತ್ತೆ?

ಎಲ್ರಿಗೂ ನಮಸ್ಕಾರ. ಚೆಕ್ ಸಂಗೀತಗಾರ ಸ್ಮೆತಾನಾ 1874ರಲ್ಲಿ ಬರೆದ 'ವಲ್ಟಾವಾ' ಗೊತ್ತಲ್ವಾ, ಆ ಹೆಸರಿನ ನದಿ ಹುಟ್ಟಿ ಪ್ರಾಗ್ ದಾಟಿ ಹೋಗೋದನ್ನೇ ಹೇಳೋ ಸಂಗೀತ. (ಅಷ್ಟೊತ್ತಿಗೆ ಅವರಿಗೆ ಕಿವಿ ಪೂರ್ತಿ ಹೋಗಿತ್ತು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ಮೆನ್ನುತ್ತೆ.) ಕಂಡಕ್ಟರ್ ರಾಫೆಲ್ ಕುಬೆಲಿಕ್ ಅವರ ಎರಡು ರೆಕಾರ್ಡಿಂಗ್ ಹೋಲಿಸ್ತಿದೀನಿ. ಒಂದು 1971ರದ್ದು, ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಜೊತೆ. ಇನ್ನೊಂದು 1990ರ ಪ್ರಾಗ್ ಲೈವ್, ಚೆಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ, ಅವರು 42 ವರ್ಷ ದೇಶ ಬಿಟ್ಟಿದ್ದು ವಾಪಸ್ ಬಂದಾಗಿನದು.

ಶುರುವಲ್ಲಿ ಎರಡು ತೊರೆ ಸೇರೋ ಕಡೆ ಕೊಳಲು ಬರುತ್ತಲ್ಲ, ಪ್ರಾಗ್‌ದ್ರಲ್ಲಿ ಅದು ನಂಗೆ ಎಷ್ಟು ಮೆಲ್ಲಗೆ ಕೇಳ್ಸುತ್ತೆ ಅಂದ್ರೆ ವಾಲ್ಯೂಮ್ ಏರಿಸ್ತೀನಿ, ಆಮೇಲೆ ನದಿ ಬಂಡೆಗಳ ಮಧ್ಯೆ ಭೋರ್ಗರೆಯೋ 'ಸೇಂಟ್ ಜಾನ್ ರ‍್ಯಾಪಿಡ್ಸ್' ಭಾಗದ ಹತ್ರ ಬೆಚ್ಚಿಬೀಳ್ತೀನಿ. ಬಾಸ್ಟನ್‌ದ್ರಲ್ಲಿ ಹಾಗಾಗಲ್ಲ. ಹೆಡ್‌ಫೋನ್ ಬದಲಾಯಿಸ್ದೆ, ಆ್ಯಪ್‌ನಲ್ಲಿ ವಾಲ್ಯೂಮ್ ತಾನಾಗೇ ಸಮ ಮಾಡೋದನ್ನ ಆಫ್ ಮಾಡ್ದೆ, ಎರಡನ್ನೂ ಕಿವಿಯಳತೆಯಲ್ಲೇ ಸರಿಮಾಡಿ ಮತ್ತೆ ಮತ್ತೆ ಕೇಳ್ದೆ. ವ್ಯತ್ಯಾಸ ಹೋಗ್ತಿಲ್ಲ.

ನಾನು ಹೋಲಿಸ್ತಿರೋದು ಕುಬೆಲಿಕ್ ಅವರನ್ನಾ, ಇಲ್ಲಾ ಮೈಕ್ ಇಟ್ಟವರನ್ನಾ? ಇದನ್ನ ಬೇರ್ಪಡಿಸೋಕೆ ಯಾವ ಭಾಗ ಕೇಳ್ಬೇಕು: ಮದುವೆಯ ಪೋಲ್ಕಾ ಕುಣಿತನಾ, ಬೆಳದಿಂಗಳ ಭಾಗನಾ? ಅಲ್ಲಿ ಏನನ್ನ ಗಮನಿಸ್ಬೇಕು, ದಯವಿಟ್ಟು ಹೇಳಿ.